ವಿದ್ಯಾರ್ಥಿಗಳೇ ನಡೆಸುವ ವಿಶ್ವವಿದ್ಯಾಲಯ ರಂಗತಂಡ: ಕಟ್ಟುವುದು ಹೇಗೆ, ಬ್ಯಾಚ್ ಬದಲಾದ ಮೇಲೂ ಉಳಿಸುವುದು ಹೇಗೆ?

ಹೊಸ_ತಾಲೀಮು

ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ನಡೆಸುವ ನಾಟಕ ತಂಡ ಶುರು ಮಾಡಬೇಕು ಅಂತಿದ್ದೇವೆ. ನಾಟಕ ವಿಭಾಗ ಇಲ್ಲ, ರಂಗಮಂದಿರವೂ ಇಲ್ಲ. ಹದಿನೈದು ಜನ, ಸಂಜೆ ಹೊತ್ತು ಸಿಗುವ ಒಂದು ಪಾಠದ ಕೊಠಡಿ, ಇಷ್ಟೇ ಬಂಡವಾಳ. ಮೂರು ಪ್ರಶ್ನೆಗಳಿವೆ. ಮೊದಲ ವರ್ಷ ಏನು ಮಾಡಬೇಕು, ಏನು ಮಾಡಬಾರದು? ಇಂಥ ತಂಡಗಳು ಬೇರೆ ಕಡೆ ಹೇಗೆ ಬೆಳೆದವು? ಶುರು ಮಾಡಿದವರು ಪದವಿ ಮುಗಿಸಿ ಹೋದ ಮೇಲೂ ತಂಡ ಉಳಿಯಬೇಕಾದರೆ ಏನಿರಬೇಕು?

ನೇಪಥ್ಯ

ಮೂರನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಅದನ್ನು ಮೊದಲ ದಿನವೇ ಯೋಚಿಸದಿದ್ದರೆ ಉಳಿದೆರಡಕ್ಕೆ ಅರ್ಥವಿಲ್ಲ.

ಮೂರು ವರ್ಷದ ಪದವಿ ಅಂದರೆ ಪ್ರತಿ ವರ್ಷ ತಂಡದ ಮೂರನೇ ಒಂದು ಭಾಗ ಹೊರಟುಹೋಗುತ್ತದೆ. ಇದು ತಡೆದುಕೊಳ್ಳಬಹುದಾದ ನಷ್ಟವೇ. ಆದರೆ ಶುರು ಮಾಡುವವರು ಸಾಮಾನ್ಯವಾಗಿ ಒಂದೇ ತರಗತಿಯ ಗೆಳೆಯರು. ನಿರ್ದೇಶನ, ಬೆಳಕು, ಲೆಕ್ಕ ಎಲ್ಲವೂ ಅವರ ಕೈಯಲ್ಲೇ ಇರುತ್ತದೆ. ಎರಡು ವರ್ಷ ಭರ್ಜರಿಯಾಗಿ ನಡೆದು ಮೂರನೇ ವರ್ಷದ ಕೊನೆಗೆ ಎಲ್ಲರೂ ಒಟ್ಟಿಗೆ ಹೋದರೆ, ಬೀರುವಿನ ಕೀಲಿ ಯಾರ ಹತ್ತಿರ ಇದೆ ಎನ್ನುವುದೂ ಉಳಿದವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ನಿಯಮ ಒಂದೇ: ಪ್ರತಿ ಕೆಲಸಕ್ಕೂ ಇಬ್ಬರು, ಆ ಇಬ್ಬರೂ ಬೇರೆ ಬೇರೆ ವರ್ಷದವರು. ಬೆಳಕಿಗೆ ಅಂತಿಮ ವರ್ಷದ ಒಬ್ಬರಿದ್ದರೆ ಜೊತೆಗೆ ಮೊದಲ ವರ್ಷದ ಒಬ್ಬರು. ಮೊದಲ ಪ್ರಯೋಗದಲ್ಲಿ ಹಿರಿಯರು ಕೈಯಾಡಿಸಲಿ, ಕಿರಿಯರು ನೋಡಲಿ. ಎರಡನೆಯದರಲ್ಲಿ ಅದಲುಬದಲಾಗಲಿ.

ಪದಾಧಿಕಾರಿಗಳ ಆಯ್ಕೆ ವರ್ಷದ ಕೊನೆಗೆ ಬೇಡ, ನಡುವೆ ಇರಲಿ. ಕೊನೆಗೆ ಇಟ್ಟರೆ ಹಳಬರು ಪರೀಕ್ಷೆ ಬರೆದು ಹೊರಡುತ್ತಾರೆ, ಹೊಸಬರ ಕೈಗೆ ಬರುವುದು ಒಂದು ವಾಟ್ಸಾಪ್ ಗುಂಪು ಮಾತ್ರ. ನಡುವೆ ಇಟ್ಟರೆ ಒಂದು ಪೂರ್ತಿ ಪ್ರಯೋಗವನ್ನು ಇಬ್ಬರೂ ಸೇರಿ ಮಾಡುವ ಅವಕಾಶ ಸಿಗುತ್ತದೆ. ಅಂತಿಮ ವರ್ಷದವರು ನಟಿಸಲಿ, ನಿರ್ದೇಶಿಸಲಿ. ಕಾರ್ಯದರ್ಶಿ, ಖಜಾಂಚಿ ಮಾತ್ರ ಆಗಬಾರದು.

ಇನ್ನು ಮೊದಲ ವರ್ಷ. ಪೂರ್ಣಾವಧಿ ನಾಟಕ ಬೇಡ. ಮೂವತ್ತರಿಂದ ನಲವತ್ತು ನಿಮಿಷದ ಎರಡು ಏಕಾಂಕಗಳು, ಒಂದೇ ರಂಗಸಜ್ಜಿಕೆಯಲ್ಲಿ ಎರಡೂ ಆಗಬೇಕು. ರಂಗದ ಮೇಲೆ ಒಬ್ಬರಿದ್ದರೆ ಹಿಂದೆ ಒಬ್ಬರು ಬೇಕು, ಈ ಲೆಕ್ಕ ಹಿಡಿದು ನಾಟಕ ಆರಿಸಿ. ಹದಿನೈದು ಜನರಿಗೆ ಏಳಕ್ಕಿಂತ ಹೆಚ್ಚು ಪಾತ್ರಧಾರಿಗಳಿರಬಾರದು. ಹನ್ನೆರಡು ಪಾತ್ರದ ನಾಟಕ ಹಿಡಿದರೆ ಬೆಳಕಿನ ಬೋರ್ಡಿಗೆ ಕೂರಲು ಜನ ಇರುವುದಿಲ್ಲ. ಕೊನೇ ವಾರ ಯಾರನ್ನೋ ಕರೆತಂದು ಕೂರಿಸುತ್ತಾರೆ, ಅವರಿಗೆ ನಾಟಕವೇ ಗೊತ್ತಿರುವುದಿಲ್ಲ.

ಹಳೆಯ_ಪರದೆ

ಎರಡನೇ ಪ್ರಶ್ನೆಗೆ. ರಂಗಮಂದಿರ ಇಟ್ಟುಕೊಂಡು ಶುರುವಾದ ವಿದ್ಯಾರ್ಥಿ ತಂಡಗಳು ಅಪರೂಪ. ಕೇಂಬ್ರಿಜ್‌ನ ಅಮೆಚೂರ್ ಡ್ರಮಾಟಿಕ್ ಕ್ಲಬ್ 1855ರಲ್ಲಿ ಹುಟ್ಟಿದ್ದು ಬಾಡಿಗೆ ಕೋಣೆಗಳಲ್ಲಿ. ಕಟ್ಟಿದವರು ಎಫ್. ಸಿ. ಬರ್ನಂಡ್ ಎಂಬ ವಿದ್ಯಾರ್ಥಿ. ಆಮೇಲೆ ಅದೇ ಜಾಗ ಅವರ ರಂಗಮಂದಿರವಾಯಿತು. 1933ರಲ್ಲಿ ಬೆಂಕಿಗೆ ಆಹುತಿಯಾಗಿ 1935ರಲ್ಲಿ ಮತ್ತೆ ತೆರೆಯಿತು. 1974ರಲ್ಲಿ ಕಟ್ಟಡ ನಡೆಸುವ ಹೊಣೆ ವಿಶ್ವವಿದ್ಯಾಲಯಕ್ಕೆ ಹೋಯಿತು, ನಾಟಕ ಆಡುವುದು ವಿದ್ಯಾರ್ಥಿಗಳ ಕೈಯಲ್ಲೇ ಉಳಿಯಿತು. ಕಟ್ಟಡವನ್ನೂ ಕಲೆಯನ್ನೂ ವಿದ್ಯಾರ್ಥಿಗಳೇ ಹೊರುವುದು ಎಷ್ಟು ಭಾರ ಎನ್ನುವುದು ಇದರಲ್ಲೇ ಇದೆ.

ಆಕ್ಸ್‌ಫರ್ಡ್‌ನದು ಬೇರೆ ಪಾಠ. ಅಲ್ಲಿನ ನಾಟಕ ಸಂಘ 1885ರಲ್ಲಿ ಶುರುವಾದಾಗ ಕುಲಪತಿ ಸ್ಥಾನದಲ್ಲಿದ್ದ ಬೆಂಜಮಿನ್ ಜೋವೆಟ್ ಒಪ್ಪಿಗೆ ಕೊಟ್ಟರು, ಷರತ್ತಿನ ಮೇಲೆ: ಆಡುವುದು ಷೇಕ್ಸ್‌ಪಿಯರ್ ಅಥವಾ ಗ್ರೀಕ್ ನಾಟಕ ಮಾತ್ರ, ಸ್ತ್ರೀಪಾತ್ರವನ್ನು ಹೆಂಗಸರೇ ಮಾಡಬೇಕು.

ಪ್ಯಾರಿಸ್‌ನ ಸೋರ್ಬನ್ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ರೋಲಾಂ ಬಾರ್ತ್ ಮತ್ತು ಝಾಕ್ ವೇಲ್ ಎಂಬ ವಿದ್ಯಾರ್ಥಿಗಳು ಪ್ರಾಚೀನ ನಾಟಕದ ಗುಂಪು ಕಟ್ಟಿದರು. ತರಗತಿಯಲ್ಲಿ ಓದುತ್ತಿದ್ದ ಈಸ್ಕಿಲಸ್‌ನ ‘ಪರ್ಷಿಯನ್ನರು’ ನಾಟಕವನ್ನು ವಿಶ್ವವಿದ್ಯಾಲಯದ ಅಂಗಳದಲ್ಲೇ ಆಡಿದರು, ಬಾರ್ತ್ ದಾರಿಯಸ್ ಆಗಿದ್ದರು. ಕಲ್ಲಿನ ಮೆಟ್ಟಿಲು, ಕಂಬಗಳಿರುವಾಗ ಗ್ರೀಕ್ ನಾಟಕಕ್ಕೆ ಬೇರೆ ಸೆಟ್ ಯಾಕೆ? ನಿಮ್ಮ ಕ್ಯಾಂಪಸ್ಸಿನಲ್ಲೂ ಒಂದು ಮೆಟ್ಟಿಲ ಸಾಲು ಇದ್ದೇ ಇರುತ್ತದೆ, ನೋಡಿ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಉದಾಹರಣೆ ಸ್ಪೇನಿನ ಲಾ ಬರ್ರಾಕಾ. 1932ರಲ್ಲಿ ಕವಿ ಲೋರ್ಕಾ ಮತ್ತು ಎದುವಾರ್ದೊ ಉಗಾರ್ತೆ ಇದರ ನಿರ್ದೇಶಕರಾದರು, ಉಳಿದವರೆಲ್ಲ ವಿದ್ಯಾರ್ಥಿಗಳು. ಬಿಚ್ಚಿ ಜೋಡಿಸುವ ರಂಗಮಂಚವನ್ನು ಲಾರಿಗೆ ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗಿ ಸರ್ವಾಂಟಿಸ್, ಲೋಪೆ ದೆ ವೇಗಾ, ಕಾಲ್ದೆರೋನ್ ನಾಟಕಗಳನ್ನು ಆಡಿದರು. ಕೆಲಸಗಾರರು ಹಾಕುವಂಥ ನೀಲಿ ಉಡುಪೇ ಸಮವಸ್ತ್ರ. ನಾಯಕ ನಟನೂ ಹಲಗೆ ಹೊರುತ್ತಿದ್ದ. ವಿದ್ಯಾರ್ಥಿ ತಂಡ ಅಂದರೆ ಇದು ಅಂತ ನಾನು ನಂಬಿದ್ದೇನೆ.

ಕೊನೆಗೊಂದು ಕವಲು. 1959ರಲ್ಲಿ ಆರಿಯಾನ್ ಮ್ನೂಷ್ಕಿನ್ ಮತ್ತು ಗೆಳೆಯರು ಪ್ಯಾರಿಸ್‌ನಲ್ಲಿ ವಿದ್ಯಾರ್ಥಿ ನಾಟಕ ಸಂಘ ಕಟ್ಟಿದರು. ಅದೇ ಗೆಳೆಯರಲ್ಲಿ ಹಲವರು ಓದು ಮುಗಿಸಿ 1964ರಲ್ಲಿ ತೆಆತ್ರ್ ದ್ಯು ಸೊಲೇಯ್ ಎಂಬ ಸಹಕಾರಿ ತಂಡ ಕಟ್ಟಿದರು, ಅದು ಜಗತ್ಪ್ರಸಿದ್ಧವಾಯಿತು. ಪೋಲೆಂಡಿನ ಪೊಜ್ನಾನ್‌ನಲ್ಲಿ ಅದೇ 1964ರಲ್ಲಿ ವಿದ್ಯಾರ್ಥಿ ತಂಡವಾಗಿ ಹುಟ್ಟಿದ ‘ಎಂಟನೇ ದಿನದ ರಂಗಭೂಮಿ’ ಕೂಡ ಮುಂದೆ ವೃತ್ತಿಪರವಾಯಿತು. ಅಂದರೆ ದಾರಿ ಎರಡು: ಕೇಂಬ್ರಿಜ್‌ನಂತೆ ತಂಡ ಕ್ಯಾಂಪಸ್ಸಿನಲ್ಲೇ ಉಳಿದು ಜನ ಬದಲಾಗುತ್ತಾರೆ, ಅಥವಾ ಜನ ಒಟ್ಟಿಗೇ ಉಳಿದು ತಂಡ ಹೊರಗೆ ಹೋಗುತ್ತದೆ. ಎರಡೂ ಸರಿ. ಯಾವುದು ಬೇಕು ಅನ್ನುವುದನ್ನು ನಿಯಮಾವಳಿ ಬರೆಯುವಾಗಲೇ ತೀರ್ಮಾನಿಸಿ. ಹಳೆಯ ವಿದ್ಯಾರ್ಥಿಗಳಿಗೆ ಮತ ಕೊಟ್ಟರೆ ಎರಡನೇ ದಾರಿ, ಕೊಡದಿದ್ದರೆ ಮೊದಲನೆಯದು.

ಮಾರ್ಗದರ್ಶಿ_ಮೇಷ್ಟ್ರು

ಜೋವೆಟ್ ಅವರ ಷರತ್ತನ್ನು ನೆನಪಿಸಿದ್ದು ಒಳ್ಳೆಯದಾಯಿತು. ಆಡಳಿತದ ಒಪ್ಪಿಗೆ ಷರತ್ತಿನೊಂದಿಗೇ ಬರುತ್ತದೆ, ಹಾಗಾಗಿ ಬಾಯಿಮಾತಿನ ಒಪ್ಪಿಗೆ ಸಾಲದು. ಕಾಗದದಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಲಿ: ಕೊಠಡಿ ಯಾವ ದಿನ ಎಷ್ಟು ಗಂಟೆವರೆಗೆ, ಸಾಮಾನು ಇಡುವ ಜಾಗ ಯಾವುದು, ಕೃತಿಯನ್ನು ಮುಂಚಿತವಾಗಿ ತೋರಿಸಬೇಕೇ, ತೋರಿಸಬೇಕಾದರೆ ಯಾರಿಗೆ. ನಾಲ್ಕನೆಯದೇ ಜಗಳದ ಮೂಲ. ಯಾರಿಗೆ ಎನ್ನುವುದು ಬರೆದಿರದಿದ್ದರೆ ಪ್ರಯೋಗಕ್ಕೆ ಎರಡು ದಿನ ಇರುವಾಗ ಹೊಸದೊಂದು ಮೇಜಿನಿಂದ ಆಕ್ಷೇಪಣೆ ಬರುತ್ತದೆ. ತಾಲೀಮು ಶುರುವಾಗುವ ಮೊದಲೇ ಕೃತಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಅಧ್ಯಾಪಕರ ಪಾತ್ರ ಸಹಿ, ಸುರಕ್ಷತೆ, ಲೆಕ್ಕಪರಿಶೋಧನೆ, ಇಷ್ಟಕ್ಕೆ ನಿಲ್ಲಬೇಕು. ಅವರೇ ನಿರ್ದೇಶಿಸತೊಡಗಿದರೆ ನಾಟಕ ಚೆನ್ನಾಗಿ ಬರಬಹುದು. ಆದರೆ ಅವರು ನಿವೃತ್ತರಾದ ದಿನ ತಂಡವೂ ನಿವೃತ್ತವಾಗುತ್ತದೆ.

ಸಭಾಂಗಣ ಕಾಯ್ದಿರಿಸುವಾಗ ಪ್ರಯೋಗದ ದಿನ ಮಾತ್ರ ಕೇಳಬೇಡಿ. ಸೆಟ್ಟಿಗೆ ಒಂದು ದಿನ, ಬೆಳಕು–ಧ್ವನಿ ತಾಲೀಮಿಗೆ ಒಂದು ದಿನ, ಪ್ರಯೋಗದ ರಾತ್ರಿ ಸೆಟ್ ಬಿಚ್ಚಲು ಮೂರು ಗಂಟೆ. ಕೊನೆಯ ಪ್ರಯೋಗಕ್ಕೂ ಪರೀಕ್ಷೆಗೂ ನಡುವೆ ಕನಿಷ್ಠ ಮೂರು ವಾರ ಇರಲಿ.

ನೇಪಥ್ಯ

ಮೇಷ್ಟ್ರೇ, ಮೂರು ವಾರ ಸಾಲದು ಅನ್ನಿಸುತ್ತದೆ. ಪ್ರಾಯೋಗಿಕ ಪರೀಕ್ಷೆ, ಪ್ರಬಂಧ ಸಲ್ಲಿಕೆ ಎಲ್ಲ ಬರವಣಿಗೆಯ ಪರೀಕ್ಷೆಗೆ ಮುಂಚೆಯೇ ಬಂದುಬಿಡುತ್ತವೆ. ಎಲ್ಲಾ ವಿಭಾಗಗಳ ವೇಳಾಪಟ್ಟಿಯನ್ನು ಒಂದೇ ಹಾಳೆಯಲ್ಲಿ ಹಾಕಿ, ಅದರಲ್ಲಿ ಎಲ್ಲಕ್ಕಿಂತ ಮೊದಲು ಬರುವ ದಿನದಿಂದ ಹಿಂದಕ್ಕೆ ಎಣಿಸಬೇಕು.

ಮಾರ್ಗದರ್ಶಿ_ಮೇಷ್ಟ್ರು

ಒಪ್ಪಿದೆ. ಅದೇ ಸರಿಯಾದ ಲೆಕ್ಕ.

ಜಮಾಖರ್ಚು

ದುಡ್ಡಿನ ಮಾತು ಯಾರೂ ಎತ್ತಲಿಲ್ಲ.

ಖಾತೆ ತಂಡದ ಹೆಸರಿನಲ್ಲಿ ಇರಲಿ, ಯಾರದೋ ಸ್ವಂತ ಖಾತೆಯಲ್ಲಿ ಬೇಡವೇ ಬೇಡ. ಸಹಿ ಅಧಿಕಾರ ಮೂವರಿಗೆ, ಅವರಲ್ಲಿ ಯಾವ ಇಬ್ಬರು ಸಹಿ ಹಾಕಿದರೂ ಸಾಕು. ಮೂವರಲ್ಲಿ ಒಬ್ಬರು ಅಧ್ಯಾಪಕರಾಗಿರಲಿ. ಸಹಿದಾರರ ಬದಲಾವಣೆಯನ್ನು ಹಳಬರು ಊರು ಬಿಡುವ ಮೊದಲೇ ಮುಗಿಸಬೇಕು, ಇಲ್ಲದಿದ್ದರೆ ಖಾತೆಯಲ್ಲಿ ಹಣವಿದ್ದೂ ಮುಂದಿನ ವರ್ಷದ ಮೊದಲ ನಾಟಕಕ್ಕೆ ಕೈ ಖಾಲಿ.

ಅಂದಾಜು ಬರೆಯುವಾಗ ಅರ್ಧ ಸಭಾಂಗಣ ತುಂಬುತ್ತದೆ ಅಂತ ಮಾತ್ರ ಆದಾಯ ಹಿಡಿಯಿರಿ. ಒಟ್ಟು ಖರ್ಚಿನ ಶೇ. 10 ಅನಿರೀಕ್ಷಿತಕ್ಕೆ ತೆಗೆದಿಡಿ. ಖರ್ಚಿನ ಸರದಿ ಹೀಗೆ: ಪ್ರಯೋಗದ ಹಕ್ಕು, ಸಭಾಂಗಣ, ವಿದ್ಯುತ್ ಮತ್ತು ಸುರಕ್ಷತೆ, ಆಮೇಲೆ ಸೆಟ್, ವಸ್ತ್ರ, ಪರಿಕರ, ಕೊನೆಗೆ ಪೋಸ್ಟರ್. ಹೊಸ ತಂಡಗಳು ಇದನ್ನು ತಲೆಕೆಳಗು ಮಾಡುತ್ತವೆ. ಬಣ್ಣದ ಪೋಸ್ಟರ್ ಗೋಡೆ ತುಂಬ ಅಂಟಿಸಿ ಆಗಿರುತ್ತದೆ, ಹಕ್ಕಿನ ಪತ್ರ ಬಂದೇ ಇರುವುದಿಲ್ಲ.

ಹಕ್ಕಿನ ವಿಚಾರದಲ್ಲಿ ಎಡವುವ ಜಾಗ ಒಂದಿದೆ. ಇಬ್ಸನ್ ತೀರಿಕೊಂಡದ್ದು 1906ರಲ್ಲಿ, ಚೆಕಾಫ್ 1904ರಲ್ಲಿ. ಅವರ ಮೂಲ ಕೃತಿಗೆ ಈಗ ಅನುಮತಿ ಬೇಡ. ಆದರೆ ನೀವು ಆಡುವ ಅನುವಾದಕ್ಕೆ ಅದರದೇ ಹಕ್ಕು ಇರುತ್ತದೆ. ಅನುವಾದಕರು ಬದುಕಿದ್ದರೆ ಅಥವಾ ಹಕ್ಕಿನ ಅವಧಿ ಮುಗಿದಿರದಿದ್ದರೆ ಬರೆದು ಕೇಳಲೇಬೇಕು. ಸಂಗೀತ ಬಳಸಿದರೆ ಅದರದು ಬೇರೆಯೇ ಅನುಮತಿ. ಹಕ್ಕು ಸಾಮಾನ್ಯವಾಗಿ ಪ್ರಯೋಗಕ್ಕಿಷ್ಟು ಎಂದು ಸಿಗುತ್ತದೆ. ಎರಡು ಪ್ರಯೋಗಕ್ಕೆ ಪಡೆದು ಮೂರನೆಯದು ಆಡಬಾರದು. ದೃಶ್ಯ ಕತ್ತರಿಸುವುದಕ್ಕೂ ಒಪ್ಪಿಗೆ ಬೇಕು.

ಟಿಕೆಟ್ ಮಾರಿದ ಹಣವನ್ನು ಅದೇ ರಾತ್ರಿ ಇಬ್ಬರು ಕೂತು ಎಣಿಸಿ, ಉಳಿದ ಅರ್ಧಚೀಟಿಗಳಿಗೆ ತಾಳೆ ನೋಡಿ, ಇಬ್ಬರೂ ಸಹಿ ಹಾಕಿ. ಮುಂಗಡ ಪಡೆದವರು ಏಳು ದಿನದೊಳಗೆ ಬಿಲ್ಲು ಕೊಡಬೇಕು. ಹಿಂದಿನ ಬಿಲ್ಲು ಬಾರದೆ ಹೊಸ ಮುಂಗಡ ಇಲ್ಲ. ಲಾಭ ಬಂದರೆ ಮುಂದಿನ ವರ್ಷದ ಮೊದಲ ಪ್ರಯೋಗದ ಖರ್ಚನ್ನು ತೆಗೆದಿಟ್ಟ ಮೇಲೆಯೇ ಹೊಸ ಲೈಟು ಕೊಳ್ಳುವ ಮಾತು.

ಡಿಮ್ಮರ್

ಲೈಟು ಕೊಳ್ಳುವ ಮಾತು ಬಂತಲ್ಲ. ಮೊದಲ ವರ್ಷ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಆದರೆ ತರುವ ಮೊದಲು ಆ ಕೊಠಡಿಯ ವೈರಿಂಗ್ ಎಷ್ಟು ತಡೆಯುತ್ತದೆ ಅಂತ ತಿಳಿಯಬೇಕು. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್. 230 ವೋಲ್ಟ್, 16 ಆಂಪಿಯರ್ ಸರ್ಕ್ಯೂಟ್ ಅಂದರೆ 3680 ವ್ಯಾಟ್. ಗಂಟೆಗಟ್ಟಲೆ ಉರಿಯುವ ಕೆಲಸಕ್ಕೆ ಅದರಲ್ಲಿ ಶೇ. 80 ಮಾತ್ರ ಹಿಡಿಯಿರಿ, ಸುಮಾರು 2940. ಅಂದರೆ 1000 ವ್ಯಾಟಿನ ಎರಡು ಹ್ಯಾಲೋಜನ್ ದೀಪಕ್ಕೆ, ಜೊತೆಗೆ 500ರ ಒಂದಕ್ಕೆ ಅಷ್ಟೇ ಜಾಗ. ಗೋಡೆಯ ಮೇಲೆ ನಾಲ್ಕು ಸಾಕೆಟ್ ಇದ್ದ ಮಾತ್ರಕ್ಕೆ ನಾಲ್ಕು ಸರ್ಕ್ಯೂಟ್ ಇದೆ ಅಂತಲ್ಲ. ಪಕ್ಕದ ಕೊಠಡಿಯೂ ಅದೇ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆರುವ ಸ್ವಿಚ್) ಮೇಲೆ ಇರಬಹುದು. ಯಾವುದು ಯಾವುದಕ್ಕೆ ಸೇರಿದೆ ಎಂದು ಕ್ಯಾಂಪಸ್ಸಿನ ಎಲೆಕ್ಟ್ರಿಷಿಯನ್ ಹತ್ತಿರ ಗುರುತು ಮಾಡಿಸಿಕೊಳ್ಳಿ. ಎಲ್‌ಇಡಿ ಪಾರ್ ದೀಪಗಳಾದರೆ ಈ ತಲೆನೋವು ಬಹುಪಾಲು ಇಲ್ಲ.

ವೈರಿನ ಸುರುಳಿಯನ್ನು ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟೇ ಲೋಡ್ ಹಾಕಿದರೆ ಒಳಗಿನ ಸುತ್ತುಗಳು ಬಿಸಿಯಾಗಿ ಕವಚ ಕರಗುತ್ತದೆ.

ಮುಖಕ್ಕೆ ಬೆಳಕು ಎದುರಿನಿಂದ, ಮೇಲಿನಿಂದ ಸುಮಾರು 45 ಡಿಗ್ರಿ ಇಳಿಜಾರಿನಲ್ಲಿ, ಎಡದಿಂದೊಂದು ಬಲದಿಂದೊಂದು. ಸ್ಟ್ಯಾಂಡ್ ತಗ್ಗಾಗಿದ್ದರೆ ಹಿಂದಿನ ಗೋಡೆಯ ಮೇಲೆ ದೊಡ್ಡ ನೆರಳು ಕುಣಿಯುತ್ತದೆ. ತೀರಾ ನೆತ್ತಿಯ ಮೇಲಿದ್ದರೆ ಕಣ್ಣು ಗುಳಿಬಿದ್ದಂತೆ ಕಾಣುತ್ತದೆ. ಪ್ರತಿ ಸ್ಟ್ಯಾಂಡಿನ ಕಾಲಿಗೆ ಮರಳುಚೀಲ, ಪ್ರತಿ ದೀಪಕ್ಕೆ ಸುರಕ್ಷತಾ ಸರಪಳಿ, ಇದರಲ್ಲಿ ರಾಜಿ ಇಲ್ಲ.

ಡಿಎಂಎಕ್ಸ್ (ಬೋರ್ಡಿನಿಂದ ದೀಪಗಳಿಗೆ ಆದೇಶ ಕಳಿಸುವ ವ್ಯವಸ್ಥೆ) ಬಳಸುವುದಾದರೆ ಒಂದು ಸಾಲಿನಲ್ಲಿ 512 ಚಾನೆಲ್, 32 ಸಾಧನ ಮಿತಿ. ಕೊನೆಯ ದೀಪಕ್ಕೆ 120 ಓಮ್ ಟರ್ಮಿನೇಟರ್ (ಸಾಲಿನ ತುದಿಗೆ ಸಿಕ್ಕಿಸುವ ರೆಸಿಸ್ಟರ್) ಹಾಕಿ. ದೀಪಗಳು ತಾವಾಗಿಯೇ ಮಿಣುಕಿದರೆ ಹೆಚ್ಚಾಗಿ ಯಾರೋ ಮೈಕಿನ ಕೇಬಲ್ ಸೇರಿಸಿರುತ್ತಾರೆ. ತುದಿ ಒಂದೇ ಥರ ಇದ್ದರೂ ಕೇಬಲ್ ಬೇರೆ.

ಕತ್ತಲೆ ದೃಶ್ಯಕ್ಕಾಗಿ ಕಿಟಕಿ ಮುಚ್ಚಿ, ನಿರ್ಗಮನ ದಾರಿಯ ದೀಪವನ್ನು ಮುಚ್ಚಬೇಡಿ.

ಲೆವೆಲ್_ಬಡಗಿ

ಸೆಟ್ಟಿಗೆ ನನ್ನ ಸಲಹೆ: ಮೊದಲ ವರ್ಷ ಗೋಡೆ, ಬಾಗಿಲು ಕಟ್ಟಬೇಡಿ. ಆರು ಮರದ ಡಬ್ಬಿ ಮಾಡಿಕೊಳ್ಳಿ. ಕುರ್ಚಿ, ಮೇಜು, ಮೆಟ್ಟಿಲು, ಕಟ್ಟೆ, ಹಾಸಿಗೆ ಎಲ್ಲವೂ ಅವೇ ಆಗುತ್ತವೆ. ನಾಲ್ಕು ವರ್ಷ ಬಾಳುತ್ತವೆ.

ಅಳತೆಯಲ್ಲಿ ಒಂದು ಗುಟ್ಟಿದೆ. ಹದಿನೆಂಟು ಇಂಚಿನ ಡಬ್ಬಿ ಅಂತ ಹೊರಟರೆ 8×4 ಅಡಿ ಪ್ಲೈವುಡ್‌ನಲ್ಲಿ ಹತ್ತೇ ಮುಖ ಸಿಗುತ್ತವೆ. ಆರು ಡಬ್ಬಿಗೆ 36 ಮುಖ ಬೇಕು, ಅಂದರೆ ನಾಲ್ಕು ಹಾಳೆ. ಅದನ್ನೇ ಹದಿನೈದೂಮುಕ್ಕಾಲು ಇಂಚಿಗೆ ಇಳಿಸಿದರೆ ಉದ್ದಕ್ಕೆ ಆರು, ಅಗಲಕ್ಕೆ ಮೂರು, ಒಂದು ಹಾಳೆಗೆ 18 ಮುಖ. ಎರಡೇ ಹಾಳೆಗೆ ಆರೂ ಡಬ್ಬಿ ಮುಗಿಯಿತು. ಸರಿಯಾಗಿ 16 ಇಂಚು ಹಿಡಿಯಬೇಡಿ. ಗರಗಸ ಪ್ರತಿ ಕೊಯ್ತಕ್ಕೂ ಮೂರು ಮಿಲಿಮೀಟರ್‌ನಷ್ಟು ತಿನ್ನುತ್ತದೆ, ಕೊನೆಯ ಸಾಲು ಕುಳ್ಳಾಗುತ್ತದೆ. ಈ ಎತ್ತರ ಕೂರಲು ಕುರ್ಚಿಯಷ್ಟೇ ಹಿತ.

ಪ್ಲೈ 12 ಮಿಲಿಮೀಟರ್. ಒಳಮೂಲೆಗಳಿಗೆ ಒಂದಿಂಚು ಚೌಕದ ಮರದ ಪಟ್ಟಿ, ಅಂಟು ಮತ್ತು ಸ್ಕ್ರೂ. ಮೊಳೆ ಬೇಡ, ಎತ್ತಿ ಇಳಿಸುವಾಗ ಸಡಿಲವಾಗಿ ತಲೆ ಹೊರಬರುತ್ತದೆ, ಬಟ್ಟೆ ಹರಿಯುತ್ತದೆ, ಕಾಲು ಕುಯ್ಯುತ್ತದೆ. ಎರಡು ಎದುರುಬದುರು ಮುಖಕ್ಕೆ ಕೈಹಾಕುವ ತೂತು. ಅಂಚುಗಳನ್ನು ಮರಳುಕಾಗದದಲ್ಲಿ ಉಜ್ಜಿ ದುಂಡು ಮಾಡಿ. ಹೊಳಪಿಲ್ಲದ ಬೂದು ಬಣ್ಣ ಬಳಿಯಿರಿ. ಹೊಳಪಿನ ಬಣ್ಣ ಬೆಳಕನ್ನು ಪ್ರೇಕ್ಷಕರ ಕಣ್ಣಿಗೇ ಹಿಂತಿರುಗಿಸುತ್ತದೆ.

ಹೊಸ_ತಾಲೀಮು

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನೆರಡು: ನಲವತ್ತು ನಿಮಿಷದ ನಾಟಕಕ್ಕೆ ಎಷ್ಟು ತಾಲೀಮು ಬೇಕು? ಪಾತ್ರ ಹಂಚಿಕೆಯಲ್ಲಿ ಮನಸ್ತಾಪ ಆಗದಂತೆ ಏನು ಮಾಡಬಹುದು?

ನೇಪಥ್ಯ

ಆರು ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಗಂಟೆ. 48 ಗಂಟೆ ಆಯಿತು. ರಂಗದ ಮೇಲಿನ ಒಂದು ನಿಮಿಷಕ್ಕೆ ಒಂದು ಗಂಟೆ ತಾಲೀಮಿಗಿಂತ ಸ್ವಲ್ಪ ಜಾಸ್ತಿ. ಅದಕ್ಕಿಂತ ಕಡಿಮೆಗೆ ಇಳಿಯಬೇಡಿ.

ಮೊದಲ ವಾರ ಕೂತು ಓದುವುದು. ಎರಡು, ಮೂರನೇ ವಾರ ಬ್ಲಾಕಿಂಗ್, ಅಂದರೆ ಯಾರು ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಎಂದು ಗೊತ್ತುಮಾಡುವುದು. ಸಭಾಂಗಣದ ರಂಗವನ್ನು ಅಳೆದು, ಕೊಠಡಿಯ ನೆಲದ ಮೇಲೆ ಅದೇ ಅಳತೆಗೆ ಟೇಪ್ ಅಂಟಿಸಿ ಅದರೊಳಗೇ ಓಡಾಡಿಸಿ. ಇದನ್ನು ಬಿಟ್ಟರೆ ದೊಡ್ಡ ರಂಗಕ್ಕೆ ಹೋದ ದಿನ ಎಲ್ಲರೂ ನಡುವೆ ಗುಂಪಾಗಿ ನಿಂತಿರುತ್ತಾರೆ. ನಾಲ್ಕನೇ ವಾರದ ಮೊದಲ ದಿನ ಪುಸ್ತಕ ಕೆಳಗಿಡಬೇಕು. ಕೈಯಲ್ಲಿ ಹಾಳೆ ಇರುವವರೆಗೆ ಕೈಯೂ ಆಡುವುದಿಲ್ಲ, ಕಣ್ಣೂ ಏಳುವುದಿಲ್ಲ. ಐದನೇ ವಾರದಿಂದ ನಿಜವಾದ ಪರಿಕರ, ನಿಜವಾದ ಚಪ್ಪಲಿ, ಸೀರೆ ಉಡುವ ಪಾತ್ರವಿದ್ದರೆ ಸೀರೆ. ಆರನೇ ವಾರ ರನ್‌ಥ್ರೂ, ಟೆಕ್ನಿಕಲ್ (ಬೆಳಕು–ಧ್ವನಿ ತಾಲೀಮು), ಗ್ರ್ಯಾಂಡ್ ರಿಹರ್ಸಲ್.

ಟೆಕ್ನಿಕಲ್‌ಗೆ ಕ್ಯೂ (ಬೆಳಕು, ಧ್ವನಿ ಬದಲಿಸುವ ಸೂಚನೆ) ಒಂದಕ್ಕೆ ಐದು ನಿಮಿಷ ಹಿಡಿಯಿರಿ. ಮೂವತ್ತು ಕ್ಯೂ ಇದ್ದರೆ ಎರಡೂವರೆ ಗಂಟೆ. ಅದು ನಟರ ದಿನವಲ್ಲ, ಕ್ಯೂದಿಂದ ಕ್ಯೂಗೆ ಹಾರುವ ದಿನ. ಪೂರ್ತಿ ಸಂಭಾಷಣೆ ಹೇಳಿಸುತ್ತ ಕೂತರೆ ಅರ್ಧ ನಾಟಕಕ್ಕೇ ಮಧ್ಯರಾತ್ರಿಯಾಗುತ್ತದೆ. ಕ್ಯೂ ಕೊಡುವ ಬಾಯಿ ಒಂದೇ, ಅದು ರಂಗನಿರ್ವಾಹಕರದು. ಪ್ರಯೋಗದ ರಾತ್ರಿ ನಿರ್ದೇಶಕರು ಪ್ರೇಕ್ಷಕರ ನಡುವೆ ಕೂರಬೇಕು, ಸೈಡ್‌ವಿಂಗ್‌ನಲ್ಲಿ ಅಲ್ಲ.

ಪಾತ್ರ ಹಂಚಿಕೆ: ಹತ್ತು ದಿನ ಮೊದಲೇ ಪ್ರಕಟಣೆ, ಎಲ್ಲಾ ವಿಭಾಗಗಳಿಗೂ ಮುಕ್ತ. ಓದಿಸುವ ಎರಡು ಭಾಗಗಳನ್ನು ಮೊದಲೇ ಎಲ್ಲರಿಗೂ ಕೊಡಿ. ನೋಡುವವರು ಮೂವರಿರಲಿ, ಅವರಲ್ಲಿ ಒಬ್ಬರು ಈ ನಾಟಕಕ್ಕೆ ಸಂಬಂಧವೇ ಇಲ್ಲದವರು. ಫಲಿತಾಂಶದ ಪಟ್ಟಿ ಒಂದೇ ಹಾಳೆ: ಮೇಲೆ ಪಾತ್ರಗಳು, ಕೆಳಗೆ ಬೆಳಕು, ವಸ್ತ್ರ, ಪರಿಕರ, ಪ್ರಚಾರ. ಪಾತ್ರ ಸಿಗದವರ ಹೆಸರು ಅದೇ ಹಾಳೆಯಲ್ಲಿ ಒಂದು ಕೆಲಸದ ಮುಂದೆ ಇರಬೇಕು. ಹಾಗೆ ಮಾಡಿದರೆ ಮನಸ್ತಾಪ ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ, ಜನ ಮಾತ್ರ ಉಳಿಯುತ್ತಾರೆ.

ಪ್ರಯೋಗ ಮುಗಿದ ಏಳು ದಿನದೊಳಗೆ ಒಂದು ಕಡತ ಮುಗಿಸಿ: ಗುರುತು ಹಾಕಿದ ಪ್ರಾಂಪ್ಟ್ ಪ್ರತಿ (ಚಲನೆ, ಕ್ಯೂ ಬರೆದಿರುವ ನಾಟಕದ ಪ್ರತಿ), ಬೆಳಕಿನ ನಕ್ಷೆ, ಕ್ಯೂ ಪಟ್ಟಿ, ಹಕ್ಕಿನ ಪತ್ರ, ಅಂದಾಜು ಮತ್ತು ನಿಜವಾದ ಖರ್ಚು ಅಕ್ಕಪಕ್ಕ, ಏನು ಕೆಟ್ಟಿತು ಎಂಬ ಒಂದು ಪುಟ. ಆ ಒಂದು ಪುಟವನ್ನು ಯಾರೂ ಬರೆಯಲು ಇಷ್ಟಪಡುವುದಿಲ್ಲ, ಮುಂದಿನವರು ಮೊದಲು ಓದುವುದು ಅದನ್ನೇ. ತಂಡದ ಹೆಸರಿನ ಮೇಲ್ ಖಾತೆಯಲ್ಲಿ ಇಡಿ, ಪಾಸ್‌ವರ್ಡ್ ಇಬ್ಬರ ಬಳಿ ಇರಲಿ.

ಹಳೆಯ_ಪರದೆ

ಎರಡನೇ ವರ್ಷಕ್ಕೆ ಒಂದು ಸೇರಿಸುತ್ತೇನೆ. ಅದೇ ಏಕಾಂಕವನ್ನು ಕ್ಯಾಂಪಸ್ಸಿನ ಹೊರಗೆ ಎರಡು ಕಡೆ ಆಡಿ. ಗೆಳೆಯರಷ್ಟೇ ನೋಡುವ ನಾಟಕದಲ್ಲಿ ಎಲ್ಲಿ ನಗಬೇಕೋ ಅದಕ್ಕಿಂತ ಮೊದಲೇ ನಗು ಬರುತ್ತದೆ. ಗುರುತಿಲ್ಲದ ಪ್ರೇಕ್ಷಕರ ಮುಂದೆ ನಿಂತಾಗಲೇ ನಟರಿಗೆ ಎಲ್ಲಿ ಧ್ವನಿ ತಲುಪುತ್ತಿಲ್ಲ, ಎಲ್ಲಿ ಕಥೆ ಅರ್ಥವಾಗುತ್ತಿಲ್ಲ ಅಂತ ತಿಳಿಯುವುದು.

ಲೆವೆಲ್_ಬಡಗಿ

ಹೊರಗೆ ಹೋಗುವುದಾದರೆ ಡಬ್ಬಿಗಳ ತಳಕ್ಕೆ 1ರಿಂದ 6ರವರೆಗೆ ಅಂಕಿ ಬರೆಯಿರಿ, ಹೇರುವಾಗ ಒಬ್ಬರು ಎಣಿಸಿ ಪಟ್ಟಿಗೆ ಗುರುತು ಹಾಕಲಿ, ಇಳಿಸುವಾಗ ಇನ್ನೊಬ್ಬರು. ಒಂದು ಮುಖವನ್ನು ಸ್ಕ್ರೂ ಹಾಕದೆ ಕೀಲಿನ ಮೇಲೆ ಕೂರಿಸಿದರೆ ವಸ್ತ್ರ, ಪರಿಕರ ಎಲ್ಲ ಒಳಗೇ ಹೋಗುತ್ತದೆ, ಬೇರೆ ಪೆಟ್ಟಿಗೆ ಬೇಡ.

ಹೊಸ_ತಾಲೀಮು

ಕೀಲು ಹಾಕಿದ ಮುಖದ ಮೇಲೆ ನಿಲ್ಲಬಹುದೇ?

ಲೆವೆಲ್_ಬಡಗಿ

ಬೇಡ. ಅದು ಯಾವಾಗಲೂ ಪಕ್ಕಕ್ಕೇ ಬರುವಂತೆ ಇಡಿ. ಆ ಮುಖಕ್ಕೆ ಮಾತ್ರ ಒಂದು ಕೆಂಪು ಚುಕ್ಕೆ ಇಟ್ಟರೆ ಕತ್ತಲಲ್ಲಿ ಜೋಡಿಸುವವರಿಗೆ ಕಾಣುವುದಿಲ್ಲ, ಕೈಗೆ ಸಿಗುವಂತೆ ಸಣ್ಣ ಹಗ್ಗದ ಕುಣಿಕೆ ಕಟ್ಟಿ.